ಹನ್ನೊಂದು ಜನರ ಕಂಪನಿ ವೀಸಾ ಕೊಡಿಸುತ್ತಾ?

ಹೊರದೇಶದ ಕೆಲಸ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳನ್ನು ಜೋಡಿಸಿಟ್ಟು ನೋಡಿದರೆ ಮುಕ್ಕಾಲು ಪಾಲು ಸ್ಟಾರ್ಟ್‌ಅಪ್‌ಗಳದ್ದೇ ಗಲಾಟೆ. ಆಫರ್ ಬಂದಿದೆ, ನಂಬಲಾ ಬೇಡವಾ ಅಂತ ಕೇಳುವವರು ಒಂದು ಕಡೆ. ನಮ್ಮದೇ ಪುಟ್ಟ ಕಂಪನಿ, ಹೊರದೇಶದವರನ್ನು ಕರೆಸಿಕೊಳ್ಳೋದು ಹೇಗೆ ಅಂತ ಕೇಳುವವರು ಇನ್ನೊಂದು ಕಡೆ. ಹಾಗಾಗಿ ಇಡೀ ಅಂಕಣ ಅದಕ್ಕೇ ಬಿಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು. ನಾನು ವಕೀಲೆ ಅಲ್ಲ. ಸಣ್ಣ ಕಂಪನಿಗಳ ಎಚ್‌ಆರ್ ಮೇಜಿನಲ್ಲಿ ಕೂತು ಸಂಬಳದ ಪಟ್ಟಿ, ಕುರ್ಚಿ ಖರೀದಿ, ವೀಸಾ ಫೈಲು ಮೂರನ್ನೂ ಒಬ್ಬಳೇ ನೋಡಿಕೊಂಡವಳು. ಶುಲ್ಕ, ಸಂಬಳದ ಮಿತಿ ಇವೆಲ್ಲ ಆಗಾಗ ಬದಲಾಗುತ್ತವೆ. ಅದಕ್ಕೇ ಯಾವ ವರ್ಷದ ಅಂಕಿ ಅಂತ ಜೊತೆಗೇ ಹೇಳಿದ್ದೇನೆ. ಅರ್ಜಿ ಹಾಕುವ ದಿನ ಸರ್ಕಾರಿ ವೆಬ್‌ಸೈಟನ್ನು ಇನ್ನೊಮ್ಮೆ ನೋಡಿಕೊಳ್ಳಿ.

ಪ್ರ: ಮೇಡಂ, ನಾನು ಬ್ಯಾಕೆಂಡ್ ಎಂಜಿನಿಯರ್, ಆರು ವರ್ಷದ ಅನುಭವ. ಲಂಡನ್ನಿನ ಒಂದು ಫಿನ್‌ಟೆಕ್ ಸ್ಟಾರ್ಟ್‌ಅಪ್ ಆಫರ್ ಕೊಟ್ಟಿದೆ. ಅಲ್ಲಿರೋದು ಒಟ್ಟು ಹನ್ನೊಂದು ಜನ. ವೀಸಾ ಸ್ಪಾನ್ಸರ್ ಮಾಡುತ್ತೇವೆ ಅಂತ ಮೇಲ್‌ನಲ್ಲಿ ಬರೆದಿದ್ದಾರೆ. 'ಇಷ್ಟು ಸಣ್ಣ ಕಂಪನಿಗೆ ವೀಸಾ ಕೊಡಿಸೋಕೆ ಎಲ್ಲಿ ಆಗುತ್ತೆ, ಇದರಲ್ಲಿ ಏನೋ ಇದೆ' ಅಂತಾರೆ ನಮ್ಮ ಚಿಕ್ಕಪ್ಪ. ರಾಜೀನಾಮೆ ಕೊಟ್ಟುಬಿಡಲಾ?

ಉ: ರಾಜೀನಾಮೆ ಈಗಲೇ ಬೇಡ. ಹಾಗಂತ ಚಿಕ್ಕಪ್ಪ ಹೇಳಿದ್ದೂ ಪೂರ್ತಿ ಸರಿಯಿಲ್ಲ.

ಬ್ರಿಟನ್ನಿನಲ್ಲಿ ಕಂಪನಿಯ ಗಾತ್ರಕ್ಕೆ ಇಲ್ಲಿ ಲೆಕ್ಕವಿಲ್ಲ. ಸ್ಪಾನ್ಸರ್ ಲೈಸೆನ್ಸ್, ಅಂದರೆ ಹೊರದೇಶದವರನ್ನು ಕೆಲಸಕ್ಕೆ ಕರೆಸಿಕೊಳ್ಳಲು ಸರ್ಕಾರದ ಪರವಾನಗಿ, ಇದೆಯೋ ಇಲ್ಲವೋ, ಅದೊಂದೇ ಪ್ರಶ್ನೆ. ಲೈಸೆನ್ಸ್ ಇರುವ ಎಲ್ಲ ಕಂಪನಿಗಳ ಪಟ್ಟಿಯನ್ನು ಅಲ್ಲಿನ ಸರ್ಕಾರವೇ ತನ್ನ ವೆಬ್‌ಸೈಟಿನಲ್ಲಿ ಇಟ್ಟಿದೆ. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಂಡು ನೋಡಬಹುದು. ಊರು, ಯಾವ ಬಗೆಯ ವೀಸಾಗೆ ಲೈಸೆನ್ಸ್, 'ಎ' ರೇಟಿಂಗಾ 'ಬಿ' ರೇಟಿಂಗಾ, ಎಲ್ಲ ಇರುತ್ತದೆ. ಒಂದು ವಿಷಯ ಗಮನಿಸಿ. ಸ್ಟಾರ್ಟ್‌ಅಪ್‌ಗಳು ಆ್ಯಪ್‌ನ ಹೆಸರಿನಲ್ಲಿ ಓಡಾಡುತ್ತವೆ. ಪಟ್ಟಿಯಲ್ಲಿ ಇರೋದು ನೋಂದಣಿಯಾದ ಹೆಸರು. ಆಫರ್ ಪತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ 'ಲಿಮಿಟೆಡ್' ಅಂತ ಮುಗಿಯುವ ಹೆಸರಿರುತ್ತದಲ್ಲ, ಅದನ್ನು ಹುಡುಕಿ. ಅದೇ ಹೆಸರನ್ನು ಅಲ್ಲಿನ ಕಂಪನಿ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್‌ನ ಜಾಲತಾಣಕ್ಕೂ ಹಾಕಿ. ಕಂಪನಿ ಯಾವಾಗ ಹುಟ್ಟಿತು, ಡೈರೆಕ್ಟರ್‌ಗಳು ಯಾರು, ಲೆಕ್ಕಪತ್ರ ಸಕಾಲಕ್ಕೆ ಸಲ್ಲಿಸಿದ್ದಾರಾ, ಪಟ್ಟಿಯಿಂದ ತೆಗೆದುಹಾಕುವ ಪ್ರಸ್ತಾವ ಏನಾದರೂ ಇದೆಯಾ, ಅಲ್ಲೇ ಕಾಣುತ್ತದೆ. ಕಾಲು ಗಂಟೆಯ ಕೆಲಸ.

ಪಟ್ಟಿಯಲ್ಲಿ ಹೆಸರಿಲ್ಲ ಅಂದರೆ ಮೋಸ ಅಂತಲೇ ಅರ್ಥವಲ್ಲ. ಅವರು ಹೊರದೇಶದಿಂದ ಕರೆಸಿಕೊಳ್ಳುತ್ತಿರುವ ಮೊದಲ ವ್ಯಕ್ತಿ ನೀವೇ ಇರಬಹುದು. ಆಗ ಮೊದಲು ಲೈಸೆನ್ಸ್ ಆಗಬೇಕು, ಆಮೇಲೆ ನಿಮ್ಮ ಸರದಿ. ಲೈಸೆನ್ಸಿಗೆ ಸಣ್ಣ ಕಂಪನಿ ಕಟ್ಟಬೇಕಾದ ಶುಲ್ಕ 2025ರ ಏಪ್ರಿಲ್ ದರದಲ್ಲಿ 574 ಪೌಂಡ್. ತೀರ್ಮಾನ ಸಾಮಾನ್ಯವಾಗಿ ಎಂಟು ವಾರದೊಳಗೆ ಬರುತ್ತದೆ. ಹಣಕ್ಕಿಂತ ಕಾಗದಪತ್ರದ್ದೇ ತಲೆನೋವು. ಬ್ಯಾಂಕ್ ದಾಖಲೆ, ತೆರಿಗೆ ನೋಂದಣಿ, ಕಚೇರಿಯ ಬಾಡಿಗೆ ಕರಾರು, ಕನಿಷ್ಠ 50 ಲಕ್ಷ ಪೌಂಡಿನ ಉದ್ಯೋಗದಾತರ ಹೊಣೆ ವಿಮೆ, ಹೀಗೆ. ಯಾರದ್ದೋ ಕೋವರ್ಕಿಂಗ್ ಜಾಗದಲ್ಲಿ ಎರಡು ಮೇಜು ಹಿಡಿದು ಕೂತ ಕಂಪನಿಗೆ ಬಾಡಿಗೆ ಕರಾರು ತೋರಿಸಿ ಅಂದರೆ ಪೇಚಾಟಕ್ಕೆ ಇಟ್ಟುಕೊಳ್ಳುತ್ತದೆ.

ನಾನಿದ್ದ ಒಂದು ಕಂಪನಿಗೆ ಲೈಸೆನ್ಸ್ ಕೊಡುವ ಮುಂಚೆ ಅಧಿಕಾರಿಯೊಬ್ಬರು ಬಂದಿದ್ದರು. ನಮ್ಮ ಸ್ಥಾಪಕರು ಉತ್ಸಾಹದಿಂದ ಪ್ರಾಡಕ್ಟ್ ಡೆಮೊ ತೋರಿಸಲು ಲ್ಯಾಪ್‌ಟಾಪ್ ತೆರೆದರು. ಆಕೆ ಅದರ ಕಡೆ ಕಣ್ಣೂ ಹಾಯಿಸಲಿಲ್ಲ. 'ಕಳೆದ ತಿಂಗಳು ಸೇರಿದವರ ಪಾಸ್‌ಪೋರ್ಟ್ ನಕಲು ಎಲ್ಲಿದೆ? ಅದನ್ನು ಪರಿಶೀಲಿಸಿದ ತಾರೀಖು ಯಾರು ಬರೆದಿದ್ದು? ಒಬ್ಬ ನೌಕರ ಹೇಳದೆ ಕೇಳದೆ ಕೆಲಸಕ್ಕೆ ಬರದಿದ್ದರೆ ನಿಮಗೆ ಎಷ್ಟು ದಿನಕ್ಕೆ ಗೊತ್ತಾಗುತ್ತೆ?' ಇಷ್ಟೇ ಕೇಳಿದ್ದು. ಕೊನೆಯ ಪ್ರಶ್ನೆ ಸುಮ್ನೆ ಕೇಳಿದ್ದಲ್ಲ. ಸ್ಪಾನ್ಸರ್ ಮಾಡಿದವರ ವಿಷಯದಲ್ಲಿ ಇಂಥ ಬದಲಾವಣೆ ಆದರೆ 10 ಕೆಲಸದ ದಿನದೊಳಗೆ ಸರ್ಕಾರಕ್ಕೆ ತಿಳಿಸುವ ಹೊಣೆ ಕಂಪನಿಯದ್ದು.

ಇನ್ನು ನಿಮ್ಮ ಕಡೆಯ ಲೆಕ್ಕ. 2025ರ ಜುಲೈ 22ರಿಂದ ಸ್ಕಿಲ್ಡ್ ವರ್ಕರ್ ವೀಸಾಗೆ ಸಾಮಾನ್ಯ ಸಂಬಳದ ಮಿತಿ ವರ್ಷಕ್ಕೆ 41,700 ಪೌಂಡ್. ಇದಲ್ಲದೆ ಪ್ರತಿ ಹುದ್ದೆಗೂ ಒಂದು 'ಗೋಯಿಂಗ್ ರೇಟ್', ಅಂದರೆ ಆ ಹುದ್ದೆಗೆ ಸರ್ಕಾರ ಗೊತ್ತು ಮಾಡಿದ ಸಂಬಳ, ಇದೆ. ಎರಡರಲ್ಲಿ ಯಾವುದು ಜಾಸ್ತಿಯೋ ಅಷ್ಟು ಕೊಡಲೇಬೇಕು. ಸಾಫ್ಟ್‌ವೇರ್ ಹುದ್ದೆಗಳ ಗೋಯಿಂಗ್ ರೇಟ್ ಈ ಮಿತಿಗಿಂತ ಸಾಕಷ್ಟು ಮೇಲಿದೆ. ಆಫರ್ ಪತ್ರದಲ್ಲಿ ನಿಮ್ಮ ಹುದ್ದೆಯ ಕೋಡ್ ಯಾವುದು ಅಂತ ಕೇಳಿ ತಿಳಿದುಕೊಳ್ಳಿ. 2026ರ ಜನವರಿ 8ರಿಂದ ತೋರಿಸಬೇಕಾದ ಇಂಗ್ಲಿಷ್ ಮಟ್ಟವೂ ಬಿ2ಕ್ಕೆ, ಅಂದರೆ ಸರಾಗವಾಗಿ ಮಾತಾಡಿ ಬರೆಯಬಲ್ಲ ಮಟ್ಟಕ್ಕೆ, ಏರಿದೆ.

ಎಲ್ಲ ಸರಿಹೋದರೆ ಕಂಪನಿ ನಿಮಗೆ ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್ ಕೊಡುತ್ತದೆ. ಹೆಸರು ಹಾಗಿದ್ದರೂ ಗೋಡೆಗೆ ತೂಗು ಹಾಕುವ ಕಾಗದವೇನಲ್ಲ, ಬರೀ ಒಂದು ನಂಬರು. ಅದು ಬಂದ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ಆ ನಂಬರು ಬಂದು, ವೀಸಾ ಕೈಗೆ ಸಿಕ್ಕ ಮೇಲೆ ರಾಜೀನಾಮೆ ಬರೆಯಿರಿ. ನೋಟಿಸ್ ಅವಧಿ ಉದ್ದ ಇದೆ ಅಂತ ಈಗಲೇ ಹೇಳಿ, ಸೇರುವ ದಿನಾಂಕವನ್ನು ಅದಕ್ಕೆ ತಕ್ಕಂತೆ ಇಡಿಸಿಕೊಳ್ಳಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರ ಫೋನು ನನಗೆ ವರ್ಷವಿಡೀ ಬರುತ್ತಿರುತ್ತದೆ.

ಪ್ರ: ಸ್ಟಾರ್ಟ್‌ಅಪ್ ವೀಸಾ ಅಂತಲೇ ಒಂದು ಇದೆಯಂತೆ. ಸ್ಟಾರ್ಟ್‌ಅಪ್‌ನಲ್ಲಿ ಕೆಲಸ ಮಾಡೋರಿಗೆ ಅದೇ ಸುಲಭ ಅಂತ ಗೆಳೆಯ ಹೇಳಿದ. ನಿಜವಾ?

ಉ: ಅದು ಕಂಪನಿ ಶುರು ಮಾಡುವವರಿಗೆ. ನೌಕರಿಗೆ ಹೋಗುವವರಿಗೆ ಅಲ್ಲ. ಬ್ರಿಟನ್ನಿನಲ್ಲಂತೂ ಆ ಹೆಸರಿನ ವೀಸಾ ಈಗ ಇಲ್ಲ. 2023ರ ಏಪ್ರಿಲ್‌ನಲ್ಲಿ ಇನೋವೇಟರ್ ಫೌಂಡರ್ ಅಂತ ಬೇರೆಯದು ಬಂತು. ನಿಮ್ಮ ಗೆಳೆಯನಿಗೆ ಕಂಪನಿ ಕಟ್ಟುವ ಆಸೆ ಇದ್ದರೆ ಅವನೇ ಓದಿಕೊಳ್ಳಲಿ.

ಪ್ರ: ಅಮೆರಿಕದಲ್ಲಿ ನಾವಿಬ್ಬರು ಸೇರಿ ಕಂಪನಿ ಶುರು ಮಾಡಿದ್ದೇವೆ. ಈಗ ನಾಲ್ಕು ಜನ ಇದ್ದೇವೆ. ಹೊರದೇಶದಲ್ಲಿರುವ ಒಬ್ಬ ಒಳ್ಳೆ ಮಷಿನ್ ಲರ್ನಿಂಗ್ ಎಂಜಿನಿಯರ್ ನಮಗೆ ಬೇಕೇ ಬೇಕು. ಎಚ್-1ಬಿ ಮಾಡಿಸಬಹುದಾ? ಸಂಬಳ ಕಡಿಮೆ ಕೊಟ್ಟು ಶೇರು ಜಾಸ್ತಿ ಕೊಡೋಣ ಅಂತ ಯೋಚನೆ.

ಉ: ಶೇರಿನ ಯೋಚನೆಯನ್ನು ಮೊದಲು ಬದಿಗಿಡಿ. ಸ್ಟಾರ್ಟ್‌ಅಪ್‌ಗಳು ಎಡವುವುದೇ ಇಲ್ಲಿ.

ಪರಿಣತ ಕೆಲಸಗಾರರ ವೀಸಾವಾದ ಎಚ್-1ಬಿಯ ಅರ್ಜಿಗೂ ಮುಂಚೆ ಕಾರ್ಮಿಕ ಇಲಾಖೆಯಿಂದ ಎಲ್‌ಸಿಎ ಅನ್ನುವ ಕಾಗದ ಮಾಡಿಸಬೇಕು. ಆ ಊರಿನಲ್ಲಿ ಆ ಕೆಲಸಕ್ಕೆ ಚಾಲ್ತಿಯಲ್ಲಿರುವ ಸಂಬಳ, ನಿಮ್ಮಲ್ಲಿ ಅದೇ ಕೆಲಸ ಮಾಡುವ ಇತರರಿಗೆ ಕೊಡುವ ಸಂಬಳ, ಇವೆರಡರಲ್ಲಿ ಹೆಚ್ಚಿನದನ್ನು ಕೊಡುತ್ತೇವೆ ಅಂತ ನೀವು ಅದರಲ್ಲಿ ಮಾತು ಕೊಡುತ್ತೀರಿ. ಅದು ಖಾತೆಗೆ ಬೀಳುವ ಸಂಬಳ. ಮುಂದೊಂದು ದಿನ ಬೆಲೆ ಬಂದೀತು ಅನ್ನುವ ಶೇರು ಅಲ್ಲಿ ನಡೆಯುವುದಿಲ್ಲ. ಇದು ಅಮೆರಿಕಕ್ಕೆ ಮಾತ್ರ ಅನ್ನಬೇಡಿ, ಬ್ರಿಟನ್ನಿನಲ್ಲೂ ಖಾತ್ರಿ ಇರುವ ಮೂಲ ಸಂಬಳವನ್ನೇ ಎಣಿಸುತ್ತಾರೆ. ಶೇರು ಕೊಡಬಾರದು ಅಂತೇನಿಲ್ಲ. ಸಂಬಳ ಪೂರ್ತಿ ಕೊಟ್ಟ ಮೇಲೆ ಎಷ್ಟು ಬೇಕಾದರೂ ಕೊಡಿ. ಆದರೆ ಸ್ಥಾಪಕರು ತಾವು ಅರ್ಧ ಸಂಬಳ ತೆಗೆದುಕೊಳ್ಳುತ್ತಾ, ವೀಸಾದ ಮೇಲೆ ಬಂದವನಿಗೆ ಪೂರ್ತಿ ಕೊಡಬೇಕಾಗುತ್ತದೆ. ಇದನ್ನು ಮನಸ್ಸಿಗೆ ಒಗ್ಗಿಸಿಕೊಳ್ಳಲಾಗದ ಸ್ಥಾಪಕರನ್ನು ನಾನು ನೋಡಿದ್ದೇನೆ.

ಮುಂದಿನದು ಕ್ಯಾಲೆಂಡರ್. ವರ್ಷಕ್ಕೆ 65,000 ವೀಸಾ, ಅಮೆರಿಕದಲ್ಲೇ ಮಾಸ್ಟರ್ಸ್ ಅಥವಾ ಅದಕ್ಕಿಂತ ಮೇಲೆ ಓದಿದವರಿಗೆ ಇನ್ನೂ 20,000. ಮಾರ್ಚ್‌ನಲ್ಲಿ ನೋಂದಣಿ, ಒಬ್ಬರ ಹೆಸರಿಗೆ 215 ಡಾಲರ್. ಲಾಟರಿಯಲ್ಲಿ ಆಯ್ಕೆಯಾದರೆ ಪೂರ್ತಿ ಅರ್ಜಿ. ಕೆಲಸಕ್ಕೆ ಸೇರುವುದು ಅಕ್ಟೋಬರ್ 1ರ ನಂತರ. ಜೂನ್‌ನಲ್ಲಿ ಆಳು ಬೇಕು ಅಂತ ಮೇ ತಿಂಗಳಲ್ಲಿ ಹೊರಟರೆ ಬಸ್ಸು ಹೋಗಿ ಆಗಿರುತ್ತದೆ. 2024ರಿಂದ ಒಬ್ಬರ ಪರವಾಗಿ ಎಷ್ಟು ಕಂಪನಿ ನೋಂದಾಯಿಸಿದರೂ ಪಾಸ್‌ಪೋರ್ಟ್ ಲೆಕ್ಕದಲ್ಲಿ ಒಬ್ಬರೇ. ಅದಕ್ಕೂ ಮುಂಚೆ ಹಲವು ಕಂಪನಿಗಳಿಂದ ಹೆಸರು ಹಾಕಿಸಿ ಅವಕಾಶ ಹೆಚ್ಚಿಸಿಕೊಳ್ಳುತ್ತಿದ್ದರು, ಆ ಬಾಗಿಲು ಮುಚ್ಚಿತು. 2026ರ ಫೆಬ್ರವರಿ 27ರಿಂದ ಜಾರಿಗೆ ಬಂದ ನಿಯಮದಲ್ಲಿ ಸಂಬಳದ ಮಟ್ಟ ಮೇಲಿದ್ದಷ್ಟೂ ಲಾಟರಿಯಲ್ಲಿ ಅವಕಾಶ ಜಾಸ್ತಿ. ಎಲ್ಲಕ್ಕಿಂತ ಮೇಲಿನ ನಾಲ್ಕನೇ ಮಟ್ಟದವರ ಹೆಸರು ನಾಲ್ಕು ಸಲ, ಮೊದಲ ಮಟ್ಟದವರದ್ದು ಒಂದೇ ಸಲ. ಕಡಿಮೆ ಸಂಬಳಕ್ಕೆ ಹೊಸಬರನ್ನು ತರುವ ಲೆಕ್ಕಾಚಾರಕ್ಕೆ ಇದು ಇನ್ನೊಂದು ಪೆಟ್ಟು.

ಖರ್ಚಿನ ವಿಷಯಕ್ಕೆ ಬಂದರೆ, 25 ಅಥವಾ ಅದಕ್ಕಿಂತ ಕಡಿಮೆ ನೌಕರರಿರುವ ಕಂಪನಿಗೆ ರಿಯಾಯಿತಿ ಇದೆ. 2024ರ ಏಪ್ರಿಲ್ ದರದಲ್ಲಿ ಅರ್ಜಿಗೆ 460, ಆಶ್ರಯ ಯೋಜನೆಯ ಶುಲ್ಕ 300, ತರಬೇತಿ ನಿಧಿಗೆ 750, ವಂಚನೆ ತಡೆಗೆ 500. ಎಲ್ಲ ಸೇರಿ 2,010 ಡಾಲರ್. ವಕೀಲರ ಫೀ ಬೇರೆ. ಇಷ್ಟೇ ಆಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ 2025ರ ಸೆಪ್ಟೆಂಬರ್ 21ರಿಂದ, ದೇಶದ ಹೊರಗಿರುವವರಿಗಾಗಿ ಹಾಕುವ ಹೊಸ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಕಟ್ಟಬೇಕು ಅಂತ ಅಧ್ಯಕ್ಷರ ಘೋಷಣೆ ಬಂತು. ಘೋಷಣೆಯ ಅವಧಿ ಮೊದಲಿಗೆ 12 ತಿಂಗಳು. ಅದರ ವಿರುದ್ಧ ಕೋರ್ಟಿಗೂ ಹೋಗಿದ್ದಾರೆ. ನೀವು ಅರ್ಜಿ ಹಾಕುವ ಹೊತ್ತಿಗೆ ಏನಾಗಿದೆ ಅಂತ ವಕೀಲರನ್ನೇ ಕೇಳಿ. ನಾಲ್ಕು ಜನರ ಕಂಪನಿಗೆ ಒಂದು ಲಕ್ಷ ಡಾಲರ್ ಅಂದರೆ ಇನ್ನೊಬ್ಬ ಎಂಜಿನಿಯರ್‌ನ ಸಂಬಳವೇ ಹೋಯಿತು ಅನ್ನಿ.

ಹಾಗಾಗಿ ಹುಡುಕಾಟದ ದಿಕ್ಕು ಬದಲಿಸಿ. ಆಗಲೇ ಅಮೆರಿಕದಲ್ಲಿ ಇನ್ನೊಂದು ಕಂಪನಿಯ ಎಚ್-1ಬಿ ಮೇಲೆ ಇರುವವರು ನಿಮ್ಮಲ್ಲಿಗೆ ಬರಲು ಲಾಟರಿ ಬೇಕಿಲ್ಲ. ನಿಮ್ಮ ಅರ್ಜಿ ಸಲ್ಲಿಕೆಯಾದ ಕೂಡಲೇ ಕೆಲಸ ಶುರು ಮಾಡಬಹುದು. ಅಲ್ಲೇ ವಿಜ್ಞಾನ, ಎಂಜಿನಿಯರಿಂಗ್ ಓದಿ ಮುಗಿಸಿದ ವಿದ್ಯಾರ್ಥಿಗಳಿಗೆ ಒಪಿಟಿ, ಅಂದರೆ ಓದಿನ ನಂತರ ಅಲ್ಲೇ ಕೆಲಸ ಮಾಡುವ ಅನುಮತಿ, 12 ತಿಂಗಳು, ಮೇಲೆ ಸ್ಟೆಮ್ ವಿಸ್ತರಣೆ 24 ತಿಂಗಳು ಸಿಗುತ್ತದೆ. ಆ ವಿಸ್ತರಣೆಗೆ ನಿಮ್ಮ ಕಂಪನಿ, ನೌಕರರ ಕೆಲಸದ ಅರ್ಹತೆ ಪರಿಶೀಲಿಸುವ ಸರ್ಕಾರಿ ವ್ಯವಸ್ಥೆಯಾದ ಇ-ವೆರಿಫೈನಲ್ಲಿ ನೋಂದಣಿ ಆಗಿರಬೇಕು, ತರಬೇತಿಯ ಯೋಜನೆಯನ್ನು ಬರೆದು ಕೊಡಬೇಕು. ಕೆನಡಾ, ಮೆಕ್ಸಿಕೊ ಪ್ರಜೆಗಳಿಗೆ ಟಿಎನ್, ಆಸ್ಟ್ರೇಲಿಯದವರಿಗೆ ಇ-3 ಅನ್ನುವ ಬೇರೆ ದಾರಿಗಳಿವೆ. ನಿಮ್ಮ ಮಷಿನ್ ಲರ್ನಿಂಗ್ ಪರಿಣತರು ನಿಜಕ್ಕೂ ಹೆಸರು ಮಾಡಿದವರು, ಪ್ರಬಂಧ, ಪ್ರಶಸ್ತಿ, ಬೇರೆಯವರ ಕೆಲಸಕ್ಕೆ ತೀರ್ಪುಗಾರರಾಗಿದ್ದ ದಾಖಲೆ ಇದೆ ಅಂತಾದರೆ ಅಸಾಧಾರಣ ಸಾಮರ್ಥ್ಯದವರಿಗೆ ಇರುವ ಓ-1 ವೀಸಾ ಕಡೆ ನೋಡಿ. ಅದಕ್ಕೆ ಲಾಟರಿಯೂ ಇಲ್ಲ, ವರ್ಷಕ್ಕಿಷ್ಟೇ ಅನ್ನುವ ಮಿತಿಯೂ ಇಲ್ಲ.

ಇವತ್ತೇ ಮಾಡಬಹುದಾದ ಒಂದು ಸಣ್ಣ ಕೆಲಸ ಹೇಳಲಾ? ನಿಮ್ಮ ಕಂಪನಿಯ ತೆರಿಗೆ ಗುರುತಿನ ಸಂಖ್ಯೆಯನ್ನು ಕಾರ್ಮಿಕ ಇಲಾಖೆಯ ವ್ಯವಸ್ಥೆ ಗುರುತಿಸುತ್ತದಾ ಅಂತ ವಕೀಲರಿಂದ ಪರೀಕ್ಷೆ ಮಾಡಿಸಿ. ಹೊಸ ಕಂಪನಿಗಳದ್ದು ಎಷ್ಟೋ ಸಲ ಸಿಗುವುದಿಲ್ಲ. ಆಗ ದಾಖಲೆ ಕಳಿಸಿ ಸರಿಪಡಿಸಬೇಕು, ಅದಾಗದೆ ಎಲ್‌ಸಿಎ ಅರ್ಜಿ ಮುಂದೆ ಹೋಗಲ್ಲ. ಕೊನೆಯ ವಾರದಲ್ಲಿ ಇದು ಗೊತ್ತಾದರೆ ಎಲ್ಲರ ಬಿಪಿ ಏರುತ್ತದೆ.

ಪ್ರ: ಒಬ್ಬ ಏಜೆಂಟ್ 'ಆಸ್ಟ್ರೇಲಿಯದ ಸ್ಟಾರ್ಟ್‌ಅಪ್ ಒಂದರಲ್ಲಿ ಸ್ಪಾನ್ಸರ್‌ಶಿಪ್ ಇದೆ, ಇಷ್ಟು ಹಣ ಕೊಟ್ಟರೆ ನಿಮ್ಮ ಹೆಸರಿಗೆ ಮಾಡಿಸುತ್ತೇನೆ' ಅನ್ನುತ್ತಿದ್ದಾನೆ. ಕೆಲಸ ಮಾಡೋದೂ ಬೇಡವಂತೆ. ಕೊಡಲಾ?

ಉ: ಬೇಡ. ಸ್ಪಾನ್ಸರ್‌ಶಿಪ್ ಮಾರುವುದು, ಕೊಳ್ಳುವುದು ಎರಡೂ ಆಸ್ಟ್ರೇಲಿಯದಲ್ಲಿ 2015ರ ಡಿಸೆಂಬರ್‌ನಿಂದ ಕಾನೂನುಬಾಹಿರ. ನಿಮ್ಮ ವೀಸಾವೂ ರದ್ದಾಗಬಹುದು. ಆ ಏಜೆಂಟನ ನಂಬರ್ ಬ್ಲಾಕ್ ಮಾಡಿ.

ಪ್ರ: ನನ್ನ ಆಫರ್‌ನಲ್ಲಿ ಒಂದು ಷರತ್ತು ಇದೆ. ಎರಡು ವರ್ಷದೊಳಗೆ ಬಿಟ್ಟರೆ ವೀಸಾಗೆ ಕಂಪನಿ ಮಾಡಿದ ಎಲ್ಲ ಖರ್ಚನ್ನು ನಾನು ವಾಪಸ್ ಕೊಡಬೇಕಂತೆ. ಬ್ರಿಟನ್ನಿನ ಕಂಪನಿ. ಸಹಿ ಹಾಕಬಹುದಾ?

ಉ: 'ಎಲ್ಲ ಖರ್ಚು' ಅಂತ ಬರೆದಿರುವುದೇ ತಪ್ಪು. ಲೈಸೆನ್ಸ್ ಶುಲ್ಕವನ್ನೂ, ನಿಮ್ಮ ಸರ್ಟಿಫಿಕೇಟಿನ ಶುಲ್ಕವನ್ನೂ (2025ರ ಏಪ್ರಿಲ್‌ನಿಂದ 525 ಪೌಂಡ್) ಸ್ಕಿಲ್ಡ್ ವರ್ಕರ್‌ಗಳಿಂದ ವಸೂಲಿ ಮಾಡುವ ಹಾಗಿಲ್ಲ. ಈ ನಿಯಮ 2024ರ ಡಿಸೆಂಬರ್ 31ರಿಂದ ಇದೆ. ಹೊರದೇಶದವರನ್ನು ಸ್ಪಾನ್ಸರ್ ಮಾಡಿದ್ದಕ್ಕೆ ಕಂಪನಿ ಕಟ್ಟುವ ಇಮಿಗ್ರೇಷನ್ ಸ್ಕಿಲ್ಸ್ ಚಾರ್ಜ್ ಅನ್ನು ವಸೂಲಿ ಮಾಡುವುದಂತೂ ಅದಕ್ಕಿಂತ ಮುಂಚಿನಿಂದಲೇ ನಿಷಿದ್ಧ. ಅದು 2025ರ ಡಿಸೆಂಬರ್ 16ರಿಂದ ಸಣ್ಣ ಕಂಪನಿಗೆ ವರ್ಷಕ್ಕೆ 480 ಪೌಂಡ್. ಮೂರು ವರ್ಷಕ್ಕೆ 1,440.

ನಿಮ್ಮ ಹೆಸರಿನಲ್ಲಿ ಕಟ್ಟಿದ ವೀಸಾ ಅರ್ಜಿ ಶುಲ್ಕ ಮತ್ತು ವರ್ಷಕ್ಕೆ 1,035 ಪೌಂಡಿನ ಆರೋಗ್ಯ ಸರ್ಚಾರ್ಜ್ ಬೇರೆ ಮಾತು. ಅವನ್ನು ಕಂಪನಿ ಕೊಟ್ಟಿದ್ದರೆ ವಾಪಸ್ ಕೇಳುವ ಕರಾರು ಮಾಡಿಕೊಳ್ಳಬಹುದು. ಹಾಗಾಗಿ ಅವರಿಗೆ ಸಿಟ್ಟಿಲ್ಲದ ಭಾಷೆಯಲ್ಲಿ ಒಂದು ಮೇಲ್ ಹಾಕಿ. ಯಾವ ಖರ್ಚು, ಎಷ್ಟು, ತಿಂಗಳು ಕಳೆದಂತೆ ಹೇಗೆ ಇಳಿಯುತ್ತದೆ ಅಂತ ಬಿಡಿಸಿ ಬರೆಯಲು ಹೇಳಿ. ಕಂಪನಿಯೇ ತೆಗೆದುಹಾಕಿದರೆ ವಸೂಲಿ ಇಲ್ಲ ಅಂತಲೂ ಸೇರಿಸಲು ಕೇಳಿ. ನನ್ನ ಅನುಭವದಲ್ಲಿ ಸಣ್ಣ ಕಂಪನಿಗಳು ಇಂಥ ಷರತ್ತನ್ನು ಕೆಟ್ಟ ಉದ್ದೇಶದಿಂದ ಹಾಕುವುದು ಕಡಿಮೆ. ಎಲ್ಲಿಂದಲೋ ಒಂದು ಮಾದರಿ ಕರಾರು ಇಳಿಸಿಕೊಂಡು ಹೆಸರು ಬದಲಿಸಿರುತ್ತಾರೆ, ಅಷ್ಟೇ.

ಬೇರೆ ದೇಶದವರೂ ಇದೇ ಪ್ರಶ್ನೆ ಕೇಳಿದ್ದೀರಿ. ಕೆನಡಾದಲ್ಲಿ ಹೊರದೇಶದವರನ್ನು ನೇಮಿಸಲು ಕಂಪನಿ ಪಡೆಯಬೇಕಾದ ಎಲ್‌ಎಂಐಎ ಒಪ್ಪಿಗೆಯ ಶುಲ್ಕ 1,000 ಡಾಲರನ್ನು ನೌಕರರಿಂದ ವಸೂಲಿ ಮಾಡುವ ಹಾಗಿಲ್ಲ. ಆಸ್ಟ್ರೇಲಿಯದ ತರಬೇತಿ ಲೆವಿಯೂ ಹಾಗೇ, ಕಂಪನಿಯ ತಲೆ ಮೇಲೆ. ಅಮೆರಿಕದ ಎಚ್-1ಬಿಯಲ್ಲಿ ತರಬೇತಿ ನಿಧಿಯ ಶುಲ್ಕವನ್ನು ನೌಕರ ಕೊಡುವುದನ್ನು ಕಾನೂನೇ ತಡೆಯುತ್ತದೆ.

ಪ್ರ: ನನಗೆ ಡಿಗ್ರಿ ಮುಗಿಸಲು ಆಗಲಿಲ್ಲ. ಆದರೆ ಎಂಟು ವರ್ಷದಿಂದ ಡೆವ್‌ಆಪ್ಸ್ ಕೆಲಸ ಮಾಡುತ್ತಿದ್ದೇನೆ. ಬರ್ಲಿನ್ ಸ್ಟಾರ್ಟ್‌ಅಪ್ ಒಂದು ನನ್ನನ್ನು ಆರಿಸಿದೆ. ಡಿಗ್ರಿ ಇಲ್ಲದೆ ಬ್ಲೂ ಕಾರ್ಡ್ ಸಿಗುತ್ತಾ ಅಕ್ಕ?

ಉ: ಸಿಗುತ್ತದೆ. 2023ರ ನವೆಂಬರ್‌ನಿಂದ ಜರ್ಮನಿ ಡಿಗ್ರಿ ಇಲ್ಲದ ಐಟಿಯವರಿಗೂ ಬ್ಲೂ ಕಾರ್ಡಿನ, ಅಂದರೆ ಪರಿಣತರಿಗೆ ಕೊಡುವ ಕೆಲಸ ಮತ್ತು ವಾಸದ ಪರವಾನಗಿಯ, ದಾರಿ ತೆರೆದಿದೆ. ಕಳೆದ ಏಳು ವರ್ಷದಲ್ಲಿ ಕನಿಷ್ಠ ಮೂರು ವರ್ಷ, ಪದವೀಧರರು ಮಾಡುವ ಮಟ್ಟದ ಐಟಿ ಕೆಲಸ ಮಾಡಿರಬೇಕು. 2026ರ ಲೆಕ್ಕದಲ್ಲಿ ಸಂಬಳ ವರ್ಷಕ್ಕೆ ಕನಿಷ್ಠ 45,934.20 ಯೂರೊ ಇರಬೇಕು. ಹೌದು, 20 ಸೆಂಟ್ ಕೂಡ ಬರೆದಿದ್ದಾರೆ. ಜರ್ಮನ್ನರು.

ನಿಮ್ಮ ಕಂಪನಿಗೆ ಬ್ರಿಟನ್ನಿನ ಹಾಗೆ ಲೈಸೆನ್ಸ್ ಬೇಕಿಲ್ಲ. ನಿಮ್ಮಂಥ ಅರ್ಜಿಗೆ ಅಲ್ಲಿನ ಉದ್ಯೋಗ ಸಂಸ್ಥೆಯ ಒಪ್ಪಿಗೆ ಬೇಕು, ಅದನ್ನು ಇಲಾಖೆಗಳು ತಮ್ಮಲ್ಲೇ ಕೇಳಿಕೊಳ್ಳುತ್ತವೆ. ಅವಸರ ಇದ್ದರೆ ಕಂಪನಿ ನಿಮ್ಮಿಂದ ಅಧಿಕಾರ ಪತ್ರ ಪಡೆದು, ಅಲ್ಲಿನ ವಿದೇಶಿಯರ ಕಚೇರಿಯಲ್ಲಿ 411 ಯೂರೊ ಕಟ್ಟಿ ತ್ವರಿತ ವಿಧಾನದಲ್ಲಿ ಹೋಗಬಹುದು. ಸಣ್ಣ ಸ್ಟಾರ್ಟ್‌ಅಪ್‌ಗಳಿಗೆ ಇಂಥದೊಂದು ಇದೆ ಅಂತಲೇ ಗೊತ್ತಿರಲ್ಲ. ನೀವೇ ಹೇಳಿ.

ನೀವು ತಲೆ ಕೆಡಿಸಿಕೊಳ್ಳಬೇಕಾದದ್ದು ಅನುಭವ ಪತ್ರದ ಬಗ್ಗೆ. 'ಇವರು ಇಂಥ ದಿನದಿಂದ ಇಂಥ ದಿನದವರೆಗೆ ನಮ್ಮಲ್ಲಿದ್ದರು, ನಡತೆ ಉತ್ತಮ, ಮುಂದಿನ ಭವಿಷ್ಯಕ್ಕೆ ಶುಭಾಶಯ' ಅಂತ ಮೂರು ಸಾಲಿನ ಪತ್ರ ಸಾಕಾಗುವುದಿಲ್ಲ. ನಿಮಗೆ ಡಿಗ್ರಿ ಇಲ್ಲ, ಹಾಗಾಗಿ ಆ ಪತ್ರವೇ ಡಿಗ್ರಿ. ಯಾವ ಸರ್ವರ್‌ಗಳನ್ನು ನೋಡಿಕೊಂಡಿರಿ, ಯಾವ ಕ್ಲೌಡ್, ಎಷ್ಟು ದೊಡ್ಡ ವ್ಯವಸ್ಥೆ, ರಾತ್ರಿ ವ್ಯವಸ್ಥೆ ಬಿದ್ದರೆ ನಿರ್ಧಾರ ತೆಗೆದುಕೊಳ್ಳುತ್ತಿದ್ದವರು ನೀವಾ, ಎಷ್ಟು ಜನರಿಗೆ ಕೆಲಸ ಹೇಳಿಕೊಡುತ್ತಿದ್ದಿರಿ, ವಾರಕ್ಕೆ ಎಷ್ಟು ಗಂಟೆ, ಇಷ್ಟೂ ಅದರಲ್ಲಿ ಇರಲಿ. ಹಳೆ ಮ್ಯಾನೇಜರ್‌ಗೆ ಬರೆಯಲು ಸಮಯ ಇರುವುದಿಲ್ಲ. ನೀವೇ ಕರಡು ಮಾಡಿ ಕಳಿಸಿ, ಸತ್ಯಕ್ಕೆ ಒಂದು ಅಕ್ಷರವನ್ನೂ ಸೇರಿಸಬೇಡಿ, ಲೆಟರ್‌ಹೆಡ್‌ನಲ್ಲಿ ಸಹಿ ಹಾಕಿಸಿಕೊಳ್ಳಿ. ಹಳೆ ಕಂಪನಿ ಮುಚ್ಚಿಹೋಗಿದ್ದರೆ ಸಂಬಳದ ಚೀಟಿ, ನೇಮಕಾತಿ ಪತ್ರ, ತೆರಿಗೆ ದಾಖಲೆ ಎಲ್ಲ ಒಟ್ಟು ಮಾಡಿ.

ಪ್ರ: ಸಿಂಗಪುರದ ಏಳು ಜನರ ಕಂಪನಿ. ಅಲ್ಲಿ ಪಾಯಿಂಟ್ಸ್ ವ್ಯವಸ್ಥೆ ಇದೆಯಂತೆ, ಸಣ್ಣ ಕಂಪನಿಗೆ ಪಾಯಿಂಟ್ ಬರಲ್ಲ ಅಂತಾರೆ.

ಉ: ಉಲ್ಟಾ ಹೇಳಿದ್ದಾರೆ. 2023ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಕಂಪಾಸ್ ಅನ್ನುವ ಪಾಯಿಂಟ್ಸ್ ಪದ್ಧತಿಯಲ್ಲಿ ಕೆಲಸದ ಪಾಸ್ ಸಿಗಲು 40 ಪಾಯಿಂಟ್ ಬೇಕು. ಕಂಪನಿಯಲ್ಲಿ ಎಷ್ಟು ದೇಶದವರಿದ್ದಾರೆ, ಸ್ಥಳೀಯರು ಎಷ್ಟಿದ್ದಾರೆ ಅನ್ನುವ ಎರಡು ಅಂಶಕ್ಕೆ ಪಾಯಿಂಟ್ ಇದೆಯಲ್ಲ, ವೃತ್ತಿಪರ ಹುದ್ದೆಯ ನೌಕರರು 25ಕ್ಕಿಂತ ಕಡಿಮೆ ಇದ್ದರೆ ಆ ಎರಡಕ್ಕೂ ತಲಾ 10 ತಾನಾಗೇ ಸಿಗುತ್ತದೆ. ಅಂದರೆ 20 ಆಗಲೇ ಬಂತು. ಉಳಿದ 20 ನಿಮ್ಮ ಸಂಬಳ ಮತ್ತು ಓದಿನಿಂದ ಬರಬೇಕು. ಹತ್ತಕ್ಕಿಂತ ಕಡಿಮೆ ನೌಕರರಿದ್ದರೆ ಹುದ್ದೆಯ ಜಾಹೀರಾತನ್ನು 14 ದಿನ ಹಾಕುವ ನಿಯಮದಿಂದಲೂ ವಿನಾಯಿತಿ ಇದೆ. ಸಂಬಳ ಮಾತ್ರ 2025ರ ಲೆಕ್ಕದಲ್ಲಿ ತಿಂಗಳಿಗೆ ಕನಿಷ್ಠ 5,600 ಸಿಂಗಪುರ ಡಾಲರ್. ವಯಸ್ಸು ಹೆಚ್ಚಿದಂತೆ ಈ ಮಿತಿಯೂ ಏರುತ್ತದೆ. ನಲವತ್ತು ದಾಟಿದವರು ಇದನ್ನು ಮರೆತು ಆಫರ್ ಒಪ್ಪಿಕೊಳ್ಳಬೇಡಿ.

ಪ್ರ: ನಾನು ಅಮೆರಿಕದ ಸ್ಟಾರ್ಟ್‌ಅಪ್ ಒಂದರಲ್ಲಿ ಎಚ್-1ಬಿ ಮೇಲೆ ಇದ್ದೇನೆ. ಎರಡು ತಿಂಗಳಿಂದ ಸಂಬಳ ಆಗಿಲ್ಲ. 'ಹೂಡಿಕೆ ಬರ್ತಾ ಇದೆ, ನಾವೆಲ್ಲ ಒಂದೇ ಮನೆಯವರ ಹಾಗೆ, ಸ್ವಲ್ಪ ತಡೆದುಕೋ' ಅಂತಾರೆ ಸಿಇಒ. ಒಳ್ಳೆ ಮನುಷ್ಯ. ಬಿಟ್ಟು ಹೋಗಲು ಮನಸ್ಸಿಲ್ಲ. ಮನೆಯಲ್ಲಿ ಹೇಳಿಲ್ಲ.

ಉ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸಿಇಒ ಒಳ್ಳೆಯವರೇ ಇರಬಹುದು. ಆದರೂ ಇದು ನಿಮ್ಮಿಬ್ಬರ ನಡುವಿನ ಸಾಲ ಕೊಡುಕೊಳ್ಳುವಿಕೆ ಅಲ್ಲ.

ಕೆಲಸ ಇಲ್ಲದ ದಿನಗಳಲ್ಲೂ, ಕಂಪನಿಯ ಬಳಿ ಹಣ ಇಲ್ಲದ ದಿನಗಳಲ್ಲೂ ಎಲ್‌ಸಿಎಯಲ್ಲಿ ಬರೆದ ಸಂಬಳ ಕೊಡಬೇಕಾದದ್ದು ಎಚ್-1ಬಿಯ ನಿಯಮ. ನೀವು ಒಪ್ಪಿಕೊಂಡು ಸುಮ್ಮನಿದ್ದರೂ ಅದು ಮನ್ನಾ ಆಗುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ನಾಳೆ ಬರುವುದು. ಇನ್ನೊಂದು ಕಂಪನಿ ನಿಮಗಾಗಿ ಅರ್ಜಿ ಹಾಕುವಾಗ, ನೀವು ನಿಯಮದಂತೆ ಇದ್ದಿರಿ ಅಂತ ತೋರಿಸಲು ಇತ್ತೀಚಿನ ಸಂಬಳದ ಚೀಟಿ ಲಗತ್ತಿಸಬೇಕು. ಎರಡು ತಿಂಗಳ ಜಾಗ ಖಾಲಿ ಇದ್ದರೆ ಪ್ರಶ್ನೆ ಬರುತ್ತದೆ. ಮೂರು, ನಾಲ್ಕು ತಿಂಗಳಾದರೆ ಉತ್ತರ ಹೇಳುವುದು ಇನ್ನೂ ಕಷ್ಟ.

ಇವತ್ತು ರಾತ್ರಿ ಕೂತು ಮಾಡಬೇಕಾದದ್ದು: ಐ-797 ಅನುಮೋದನೆ ಪತ್ರ, ಎಲ್‌ಸಿಎ ನಕಲು, ಸಂಬಳದ ಚೀಟಿ, ತೆರಿಗೆಯ ಡಬ್ಲ್ಯು-2, ಆಫರ್ ಪತ್ರ, ಎಲ್ಲವನ್ನೂ ನಿಮ್ಮ ಸ್ವಂತ ಮೇಲ್‌ಗೆ ಅಥವಾ ಡ್ರೈವ್‌ಗೆ ಹಾಕಿಕೊಳ್ಳಿ. ಕಂಪನಿಯ ಲ್ಯಾಪ್‌ಟಾಪ್ ಒಂದು ಬೆಳಿಗ್ಗೆ ತೆರೆಯದೇ ಹೋಗಬಹುದು. ಕಂಪನಿಯ ಕೋಡ್, ಗ್ರಾಹಕರ ಮಾಹಿತಿ ಏನನ್ನೂ ಮುಟ್ಟಬೇಡಿ, ನಿಮ್ಮ ವೈಯಕ್ತಿಕ ಕಾಗದ ಮಾತ್ರ. ಎಲ್‌ಸಿಎ ನಕಲು ನಿಮ್ಮ ಬಳಿ ಇಲ್ಲವಾ? ಕೆಲಸಕ್ಕೆ ಸೇರುವ ದಿನದೊಳಗೆ ಕೊಡಬೇಕಾದದ್ದು ಅದು, ಕೇಳಿ ಪಡೆಯಿರಿ. ಸಂಬಳ ಬಾಕಿಯ ಬಗ್ಗೆ ಸಿಇಒಗೆ ಒಂದು ಮೇಲ್ ಬರೆಯಿರಿ. ಯಾವ ತಿಂಗಳದ್ದು, ಎಷ್ಟು, ಯಾವಾಗ ಕೊಡುತ್ತೀರಿ ಅಂತ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ದಾಖಲೆ ಇರುವುದಿಲ್ಲ. ಅವರು ಕೊಡದಿದ್ದರೆ ಕಾರ್ಮಿಕ ಇಲಾಖೆಯ ವೇತನ ವಿಭಾಗಕ್ಕೆ ದೂರು ಕೊಡಲು ಡಬ್ಲ್ಯುಎಚ್-4 ಅನ್ನುವ ಫಾರಂ ಇದೆ.

ಕೆಲಸ ಹೋದರೆ ನಿಮಗೆ ಸಿಗುವುದು ಗರಿಷ್ಠ 60 ದಿನ. ನಿಮ್ಮ ಐ-94, ಅಂದರೆ ಎಲ್ಲಿಯವರೆಗೆ ದೇಶದಲ್ಲಿರಬಹುದು ಅನ್ನುವ ದಾಖಲೆ, ಅದಕ್ಕೂ ಮುಂಚೆ ಮುಗಿಯುವುದಾದರೆ ಅಷ್ಟೇ ದಿನ. ಎಣಿಕೆ ಶುರುವಾಗುವುದು ಕೆಲಸ ನಿಂತ ದಿನದಿಂದ. ಅಷ್ಟರೊಳಗೆ ಹೊಸ ಕಂಪನಿ ಅರ್ಜಿ ಸಲ್ಲಿಸಿರಬೇಕು, ಅಥವಾ ನೀವು ಬೇರೆ ಸ್ಥಿತಿಗೆ ಬದಲಿಸಲು ಅರ್ಜಿ ಹಾಕಬೇಕು, ಇಲ್ಲವೇ ಹೊರಡಬೇಕು. ಹುಡುಕಲು ಎರಡು ತಿಂಗಳು ಸಾಲುವುದಿಲ್ಲ. ಹಾಗಾಗಿ ಸಂದರ್ಶನಗಳನ್ನು ಈಗಲೇ ಶುರು ಮಾಡಿ. ಇದರಲ್ಲಿ ದ್ರೋಹ ಏನೂ ಇಲ್ಲ. ಅವಧಿಗೆ ಮುಂಚೆ ಕಂಪನಿಯೇ ನಿಮ್ಮನ್ನು ತೆಗೆದರೆ, ನಿಮ್ಮ ದೇಶಕ್ಕೆ ವಾಪಸ್ ಹೋಗುವ ಪ್ರಯಾಣದ ಖರ್ಚು ಅವರೇ ಕೊಡಬೇಕು. ನೀವಾಗಿ ರಾಜೀನಾಮೆ ಕೊಟ್ಟರೆ ಆ ಹಕ್ಕು ಇಲ್ಲ. 'ಸುಮ್ನೆ ಒಂದು ರಾಜೀನಾಮೆ ಬರೆದುಕೊಡು, ದಾಖಲೆಗೆ ಚೆನ್ನಾಗಿರುತ್ತೆ' ಅಂತ ಯಾರಾದರೂ ಹೇಳಿದರೆ ಕೂಡಲೇ ಸಹಿ ಹಾಕಬೇಡಿ.

ಬೇರೆ ದೇಶಗಳಲ್ಲಿ ಇರುವವರಿಗೂ ಒಂದು ಸಾಲು. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ವೀಸಾ ಮೊಟಕು ಮಾಡುವ ಪತ್ರ ಬಂದು 60 ದಿನ. ನೆದರ್ಲೆಂಡ್ಸ್‌ನಲ್ಲಿ ಮೂರು ತಿಂಗಳು. ಆಸ್ಟ್ರೇಲಿಯದಲ್ಲಿ 2024ರ ಜುಲೈಯಿಂದ ಒಂದು ಸಲಕ್ಕೆ 180 ದಿನ. ಅಮೆರಿಕದಲ್ಲಿ ಉಸಿರಾಡಲೂ ಬಿಡುವುದಿಲ್ಲ ಅನ್ನುವುದು ಸುಳ್ಳಲ್ಲ.

ಮನೆಯಲ್ಲಿ ಹೇಳಿ. ಹಣದ ಸಹಾಯಕ್ಕೆ ಅಂತಲ್ಲ, ಒಬ್ಬರೇ ಹೊತ್ತುಕೊಂಡು ಸಂದರ್ಶನ ಕೊಡುವುದು ಕಷ್ಟ.

ಪ್ರ: ನಮ್ಮ ಯಜಮಾನರಿಗೆ ಸ್ಟಾರ್ಟ್‌ಅಪ್‌ನಿಂದ ವೀಸಾ ಆಗುತ್ತಿದೆ. ದೇಶ ಇನ್ನೂ ತೀರ್ಮಾನ ಆಗಿಲ್ಲ. ನಾನು ಡೆಂಟಿಸ್ಟ್. ಅಲ್ಲಿ ನಾನು ಕೆಲಸ ಮಾಡಬಹುದಾ?

ಉ: ಬ್ರಿಟನ್, ಜರ್ಮನಿ, ನೆದರ್ಲೆಂಡ್ಸ್ ಮೂರರಲ್ಲೂ ಸಂಗಾತಿಗೆ ಕೆಲಸ ಮಾಡುವ ಅನುಮತಿ ಜೊತೆಗೇ ಬರುತ್ತದೆ. ಎಚ್-1ಬಿಯವರ ಸಂಗಾತಿಗೆ ಸಿಗುವ ಅಮೆರಿಕದ ಎಚ್-4ನಲ್ಲಿ ಹಾಗಲ್ಲ. ಗಂಡನ ಗ್ರೀನ್ ಕಾರ್ಡ್ ದಾರಿಯಲ್ಲಿ ಐ-140 (ಕಂಪನಿ ಹಾಕುವ ವಲಸೆ ಅರ್ಜಿ) ಮಂಜೂರಾಗುವಂಥ ಹಂತ ತಲುಪಿದ ಮೇಲೆ ಮಾತ್ರ ನೀವು ಅನುಮತಿ ಕೇಳಬಹುದು. ಸಿಂಗಪುರದಲ್ಲಿ 2021ರ ಮೇ ತಿಂಗಳಿಂದ ಸಂಗಾತಿಯೂ ಕೆಲಸ ಮಾಡಬೇಕಾದರೆ ಸಾಮಾನ್ಯವಾಗಿ ತನ್ನದೇ ಪಾಸ್ ಮಾಡಿಸಬೇಕು. ಆದರೆ ದಂತವೈದ್ಯರಿಗೆ ವೀಸಾದ ಜೊತೆ ಆಯಾ ದೇಶದ ವೃತ್ತಿ ನೋಂದಣಿ ಅನ್ನುವ ಇನ್ನೊಂದು ಬೆಟ್ಟ ಇದೆ. ದೇಶ ಆರಿಸುವ ಮುಂಚೆ ಅದನ್ನೂ ತೂಗಿ ನೋಡಿ. ಅವರ ಆಫರ್ ಒಂದನ್ನೇ ನೋಡಿ ಆರಿಸಬೇಡಿ.

ಪ್ರ: ಸಂದರ್ಶನದಲ್ಲಿ ನನಗೆ ವೀಸಾ ಬೇಕು ಅಂತ ಯಾವಾಗ ಹೇಳಬೇಕು? ಮೊದಲೇ ಹೇಳಿದರೆ ತಿರಸ್ಕರಿಸುತ್ತಾರೆ ಅಂತ ಭಯ. ಕೊನೆಗೆ ಹೇಳಿದರೆ ಬೈತಾರೆ.

ಉ: ಮೊದಲ ಕರೆಯಲ್ಲೇ ಹೇಳಿ. ಕೊನೆಗೆ ಹೇಳಿಸಿಕೊಂಡು ತಿರಸ್ಕರಿಸುವ ಕಂಪನಿ ಮೊದಲಿಗೂ ತಿರಸ್ಕರಿಸುತ್ತಿತ್ತು. ನಿಮ್ಮ ಐದು ಸುತ್ತಿನ ಶ್ರಮ ಉಳಿಯುತ್ತದೆ. ಅರ್ಜಿ ಫಾರಂನಲ್ಲಿ 'ಈಗ ಅಥವಾ ಮುಂದೆ ಸ್ಪಾನ್ಸರ್‌ಶಿಪ್ ಬೇಕಾಗುತ್ತದೆಯೇ' ಅಂತ ಕೇಳಿದರೆ ಹೌದು ಅಂತಲೇ ಬರೆಯಿರಿ. ಅಲ್ಲಿ ಸುಳ್ಳು ಹೇಳಿ ಸೇರಿದವರನ್ನು ಆಮೇಲೆ ತೆಗೆದುಹಾಕಲು ಅದೊಂದೇ ನೆಪ ಸಾಕು.

ಸ್ಟಾರ್ಟ್‌ಅಪ್‌ಗಳ ವಿಷಯದಲ್ಲಿ ಇನ್ನೊಂದು ಹೇಳುತ್ತೇನೆ. 'ನನಗೆ ವೀಸಾ ಬೇಕು' ಅಂತ ನಿಲ್ಲಿಸಬೇಡಿ. ಅವರಿಗೆ ಆ ಮಾತು ಕೇಳಿದ ಕೂಡಲೇ ದೊಡ್ಡ ಖರ್ಚು, ದೊಡ್ಡ ಗೋಜಲು ಕಣ್ಣ ಮುಂದೆ ಬರುತ್ತದೆ. ಯಾವ ವೀಸಾ, ಕಂಪನಿಯ ಕಡೆಯಿಂದ ಏನೇನು ಬೇಕು, ಅಂದಾಜು ಎಷ್ಟು ಖರ್ಚು, ಎಷ್ಟು ವಾರ ಅಂತ ಅರ್ಧ ಪುಟ ಬರೆದು ಕಳಿಸಿ. ನೆದರ್ಲೆಂಡ್ಸ್ ಕಂಪನಿಯಾದರೆ, ಅಲ್ಲಿನ ವಲಸೆ ಇಲಾಖೆಯ ಮಾನ್ಯತೆ ಪಡೆದ ಪಟ್ಟಿಯಲ್ಲಿ ಅವರಿದ್ದಾರಾ ಅಂತ ನೋಡಿಕೊಂಡು ಹೋಗಿ. ಒಂದೂವರೆ ವರ್ಷ ತುಂಬದ ಕಂಪನಿಯಾದರೆ ಮಾನ್ಯತೆಗೆ ಬಿಸಿನೆಸ್ ಪ್ಲಾನ್ ಕೂಡ ತೋರಿಸಬೇಕಾಗುತ್ತದೆ ಅನ್ನುವುದು ನಿಮಗೆ ಗೊತ್ತಿದ್ದರೆ, ಎದುರಿಗೆ ಕೂತ ಸ್ಥಾಪಕರು ಪೆನ್ನು ತೆಗೆದು ಬರೆದುಕೊಳ್ಳುತ್ತಾರೆ.

ನಿಮ್ಮ ಸರದಿ ಬಂದಾಗ ನೀವೂ ಕೇಳಿ. ಇದಕ್ಕೆ ಮುಂಚೆ ಯಾರನ್ನಾದರೂ ಸ್ಪಾನ್ಸರ್ ಮಾಡಿದ್ದೀರಾ? ವಕೀಲರನ್ನು ಗೊತ್ತು ಮಾಡಿದ್ದೀರಾ? ವೀಸಾ ತಿರಸ್ಕಾರ ಆದರೆ ದೂರದಿಂದಲೇ ಕೆಲಸ ಮಾಡಲು ಬಿಡುತ್ತೀರಾ? ಈಗಿರುವ ಹಣ ಎಷ್ಟು ತಿಂಗಳಿಗೆ ಸಾಲುತ್ತದೆ? ಕೊನೆಯದನ್ನು ಕೇಳಲು ಮುಜುಗರ ಪಡಬೇಡಿ. ಹೂಡಿಕೆದಾರರು ಅವರನ್ನು ಕೇಳುವುದೂ ಅದನ್ನೇ. ಹದಿನೆಂಟು ತಿಂಗಳು ಅಂದರೆ ಯೋಚಿಸಬಹುದು. ಐದು ಅಂದರೆ ನೀವು ಸೂಟ್‌ಕೇಸ್ ಬಿಚ್ಚುವ ಹೊತ್ತಿಗೆ ಅದು ಮೂರಾಗಿರುತ್ತದೆ. 'ಅದೆಲ್ಲ ಗೌಪ್ಯ' ಅಂತ ನಕ್ಕು ಮಾತು ಬದಲಿಸಿದರೆ, ಇನ್ನೊಂದು ಕಂಪನಿಗೂ ಅರ್ಜಿ ಹಾಕಿಡಿ.